ಬಿಸ್ಕೆಟ್ ಓದಲು ಹೊರಟ ಹುಡುಗಿ

ಅಮೆರಿಕಾ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ನನಗೆ ಆ ಕೆಲಸ ಸಿಕ್ಕಿತು.

ಮಣಿಕೊಂಡದ ಒಂದು ಖಾಸಗಿ ಶಾಲೆಯಲ್ಲಿ ನಾನು ಭೂಗೋಳದ ಟೀಚರ್ ಆಗಿದ್ದೆ. ಹುಟ್ಟೂರು ಹುಮನಾಬಾದ್. ಗಂಡನಿಗೆ ಸನತ್‌ನಗರದ ಬೋಲ್ಟ್ ಕಾರ್ಖಾನೆಯಲ್ಲಿ ನೌಕರಿ ಎಂದು ಹೈದರಾಬಾದಿಗೆ ಬಂದವಳು, ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ತೆಲುಗು ಎಂದು ನಾಲಿಗೆಯನ್ನು ಮೂರು ಪಾಲು ಮಾಡಿಕೊಂಡು ಅಲ್ಲೇ ಉಳಿದೆ. ನಮ್ಮ ಡೈರೆಕ್ಟರ್ ನರಸಿಂಗರಾವ್ ಮೊದಲು ಗ್ರಾನೈಟ್ ವ್ಯಾಪಾರದಲ್ಲಿದ್ದವರು. ಸುತ್ತಲಿನ ಬಂಡೆಗಳನ್ನು ಒಡೆದು ಅಲ್ಲಿ ಸಾಫ್ಟ್‌ವೇರ್ ಕಂಪನಿಗಳು ಎದ್ದ ಮೇಲೆ, ಇನ್ನು ಕಲ್ಲಿಗಿಂತ ಮಕ್ಕಳೇ ವಾಸಿ ಎಂದು ಶಾಲೆ ತೆರೆದರು. ನಮ್ಮ ಪ್ರಯೋಗಾಲಯ ಸುಮಾರಾಗಿತ್ತು. ಮೆಟ್ಟಿಲುಗಳು ಮಾತ್ರ ಅರಮನೆಯಲ್ಲಿದ್ದ ಹಾಗಿದ್ದವು.

ಅದು ಎತ್ತ ನೋಡಿದರೂ ಕ್ರೇನುಗಳು ಕಾಣುತ್ತಿದ್ದ ಕಾಲ. ಕೊರಳಿನ ಗುರುತಿನ ಚೀಟಿಯನ್ನು ತೆಗೆಯದೆ ತರಕಾರಿ ಕೊಳ್ಳುವ ತಂದೆತಾಯಂದಿರು ಹೊಸ ಅಪಾರ್ಟ್‌ಮೆಂಟುಗಳಲ್ಲಿ ತುಂಬಿಕೊಂಡರು. ಅವರಲ್ಲೊಬ್ಬರು ಡೈರೆಕ್ಟರ ಕೋಣೆಗೆ ಬಂದು, "ನಿಮ್ಮಲ್ಲಿ ಕಾಲೇಜ್ ಕೌನ್ಸೆಲರ್ ಇದ್ದಾರಾ?" ಎಂದು ಕೇಳಿದರಂತೆ. ಡೈರೆಕ್ಟರು "ಯಾಕಿಲ್ಲ?" ಎಂದು ಹೇಳಿ, ಅವರನ್ನು ಅಲ್ಲೇ ಕೂರಿಸಿ, ಒಬ್ಬರನ್ನು ಹುಡುಕಲು ಹೊರಗೆ ಬಂದರು. ನಾನು ಗ್ಲೋಬ್ ಹಿಡಿದುಕೊಂಡು ಒಂಬತ್ತನೇ ತರಗತಿಗೆ ಹೊರಟಿದ್ದೆ.

"ಶಾಂತಾ ಮೇಡಂ, ಅಮೆರಿಕಾ ನಿಮಗೆ ಗೊತ್ತಲ್ಲ?" ಎಂದು ತೆಲುಗಿನಲ್ಲಿ ಕೇಳಿದರು.

"ಎಲ್ಲಿದೆ ಅಂತ ಗೊತ್ತು ಸಾರ್."

"ಅಷ್ಟು ಸಾಕು," ಎಂದರು.

ಮರುವಾರ ಮೆಟ್ಟಿಲ ಕೆಳಗಿನ ಕೋಣೆಗೆ ನನ್ನ ಹೆಸರಿನ ಬೋರ್ಡು ಬಿತ್ತು. ಅಲ್ಲಿಯವರೆಗೆ ಈ ಕೆಲಸವನ್ನು ನಾವು ನಡೆದಾಡುತ್ತಲೇ ಮಾಡುತ್ತಿದ್ದೆವು. ಲೆಕ್ಕ ಬಂದರೆ ಇಂಜಿನಿಯರ್, ಕಪ್ಪೆ ಕೊಯ್ಯಲು ಹೆದರದಿದ್ದರೆ ಡಾಕ್ಟರ್, ಎರಡೂ ಆಗದಿದ್ದರೆ ಬಿ.ಕಾಂ. ಮಗುವಿನ ಭವಿಷ್ಯ ತೀರ್ಮಾನವಾಗಲು ಸ್ಟಾಫ್ ರೂಮಿನಿಂದ ನೀರಿನ ನಲ್ಲಿಯ ತನಕ ಹೋಗುವಷ್ಟು ಹೊತ್ತು ಸಾಕಾಗುತ್ತಿತ್ತು. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ತರಬೇತಿ ಪಡೆದು, ಮನಶ್ಶಾಸ್ತ್ರ ಓದಿ ಬರುತ್ತಾರೆ. ಒಳ್ಳೆಯದೇ. ಆದರೆ ಕೋರ್ಸಿನಲ್ಲಿ ಹೇಳದ ಕೆಲವು ಸಂಗತಿಗಳಿವೆ. ಅವನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಾನು ಅಷ್ಟಿಷ್ಟು ಓದಿ ತಿಳಿದುಕೊಂಡ ಮೊದಲ ವಿಷಯವೆಂದರೆ, ಅಲ್ಲಿನ ಕಾಲೇಜುಗಳು ಅಂಕಗಳನ್ನಷ್ಟೇ ನೋಡುವುದಿಲ್ಲ, ಮಗು ಬೇಸಿಗೆ ರಜೆಯಲ್ಲಿ ಏನು ಮಾಡಿತು ಎಂದೂ ಕೇಳುತ್ತವೆ. ಪಾಲಕರ ಸಭೆಯಲ್ಲಿ ಈ ಮಾತನ್ನು ಹೇಳಿದೆ. ಎಲ್ಲರೂ ಒಮ್ಮೆಲೇ ಪೆನ್ನು ತೆಗೆದರು. ಮಣಿಕೊಂಡದಲ್ಲಿ ಬೇಸಿಗೆ ರಜೆ ಸತ್ತದ್ದು ಆ ಸಂಜೆ.

ಯಾರೋ ಎಲ್ಲಿಯೋ ಓದಿದ್ದರು, ನಾಯಕತ್ವ ಮುಖ್ಯವಂತೆ. ಮೇ ತಿಂಗಳ ಹೊತ್ತಿಗೆ ನಮ್ಮ ಹನ್ನೊಂದನೇ ತರಗತಿಯ ಅರ್ಧಕ್ಕರ್ಧ ಮಕ್ಕಳು ಸಮಾಜಸೇವಾ ಸಂಸ್ಥೆಗಳ ಸ್ಥಾಪಕ ಅಧ್ಯಕ್ಷರಾಗಿದ್ದರು. ಎಲ್ಲರೂ ಅಧ್ಯಕ್ಷರಾದ್ದರಿಂದ ಸದಸ್ಯರಾಗಲು ಯಾರೂ ಸಿಗುತ್ತಿರಲಿಲ್ಲ. ಒಂದೇ ಮನೆಯ ಅಣ್ಣತಂಗಿ ಬೇರೆ ಬೇರೆ ಸಂಸ್ಥೆ ಕಟ್ಟಿ, ಒಂದೇ ಕೆರೆಯನ್ನು ಉಳಿಸಲು ಎರಡು ದಂಡೆಯಲ್ಲಿ ನಿಂತರು. ನಡುವೆ ಮಾತುಕತೆ ಇಲ್ಲ.

ಸಂಸ್ಥೆ ಕಟ್ಟಿದ ಮೇಲೆ ಬಡವರು ಬೇಕಲ್ಲ. ಆ ಮಕ್ಕಳಿಗೆ ಪರಿಚಯವಿದ್ದ ಬಡವ ಒಬ್ಬನೇ, ನಮ್ಮ ಶಾಲೆಯ ವಾಚ್‌ಮನ್ ಯಾದಯ್ಯ. ಅಧ್ಯಕ್ಷರೆಲ್ಲ ಒಬ್ಬೊಬ್ಬರಾಗಿ ಬಂದು ಅವನಿಗೆ ಕಂಬಳಿ ಹೊದಿಸಿ ಫೋಟೋ ತೆಗೆಸಿಕೊಂಡರು. ಹೈದರಾಬಾದಿನ ಮೇ ತಿಂಗಳು, ಡಾಂಬರು ಕರಗಿ ಚಪ್ಪಲಿಗೆ ಅಂಟುವ ಬಿಸಿಲು. ಯಾದಯ್ಯ ಬೆವರುತ್ತ, ಹಲ್ಲು ಕಿರಿದು, ಕ್ಯಾಮೆರಾ ಹೋದ ಮೇಲೆ ಕಂಬಳಿಯನ್ನು ಮಡಚಿ ಕುರ್ಚಿಯ ಮೇಲೆ ಹಾಕಿ ಅದರ ಮೇಲೆ ಕೂರುತ್ತಿದ್ದ. ದಿನ ಕಳೆದಂತೆ ಅವನು ಎತ್ತರವಾಗುತ್ತ ಹೋದ. ಕೊನೆಗೊಂದು ದಿನ ಅಷ್ಟು ಎತ್ತರದಿಂದ ನನ್ನನ್ನು ಕೇಳಿದ, "ಮೇಡಂ, ಫ್ಯಾನ್ ಕೊಡುವ ಸಂಸ್ಥೆ ಯಾವುದಾದರೂ ಇದೆಯಾ?"

ನಾನು ಒಬ್ಬ ಅಧ್ಯಕ್ಷನಿಗೆ ಈ ವಿಷಯ ತಿಳಿಸಿದೆ. ಅವನು ಯೋಚನೆ ಮಾಡಿ, "ಫ್ಯಾನನ್ನು ಹೊದಿಸೋಕೆ ಬರಲ್ಲ ಮೇಡಂ, ಫೋಟೋ ಸರಿ ಬರಲ್ಲ," ಎಂದ.

ಶಾಲೆಯ ಎದುರಿಗೆ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅದರ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯ ಕೂಲಿಯವರು ಸಂಸಾರ ಸಮೇತ ಇದ್ದರು. ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ನಮ್ಮ ಮಕ್ಕಳು ನಾಲ್ಕು ಗುಂಪುಗಳಾಗಿ ಹೋದರು. ಕನ್ನಡ ಬರುತ್ತದೆಂದು ಏನಾಗುತ್ತಿದೆ ನೋಡಲು ಡೈರೆಕ್ಟರು ನನ್ನನ್ನೇ ಕಳಿಸಿದರು. ಹುಲಿಗೆಮ್ಮ ಎಂಬ ಪುಟ್ಟ ಹುಡುಗಿ ನನ್ನ ಸೆರಗು ಹಿಡಿದುಕೊಂಡಳು.

"ಅಕ್ಕಾರ, ದಿನಾ ಬರ್ತಾರ, ಎ ಫಾರ್ ಆಪಲ್ ಅಂತಾರ, ಹೋಗಿಬಿಡ್ತಾರ. ಮುಂದ ಏನೈತ್ರಿ?"

"ನಿಮಗ ಅದು ಬರ್ತೈತಿ ಅಂತ ಹೇಳಿಲ್ಲೇನು?"

"ಬರ್ತೈತಿ ಅಂದ್ರ ಸುಮ್ನ ಹೋಗ್ತಾರ್ರಿ. ಬರಲ್ಲ ಅಂದ್ರ ಚಾಕ್ಲೇಟ್ ಕೊಡ್ತಾರ."

ಆ ಮಕ್ಕಳು ದಿನಾ ಬೆಳಿಗ್ಗೆ ಎ ಅಕ್ಷರವನ್ನು ಮರೆತು, ಹೊಸ ಗುಂಪು ಬಂದ ಮೇಲೆ ಅಚ್ಚರಿಪಟ್ಟು ಕಲಿಯುತ್ತಿದ್ದರು. ನಾನು ಶಾಲೆಗೆ ಬಂದು ಒಂದು ನಿಯಮ ಮಾಡಿದೆ. ಯಾರೇ ಕಲಿಸಲಿ, ಝಡ್ ತನಕ ಕಲಿಸಬೇಕು, ಅಲ್ಲಿಯ ತನಕ ಪ್ರಮಾಣಪತ್ರ ಇಲ್ಲ. ಮರುದಿನವೇ ಮೂರು ಗುಂಪುಗಳು ಬರಖಾಸ್ತಾದವು. ನಾಲ್ಕನೆಯದರಲ್ಲಿ ಒಬ್ಬಳು ಉಳಿದಳು. ಅವಳೇ ಮೇಘನಾ.

ಮೇಘನಾಳ ಮನೆಯವರು ಉಡುಪಿ ಕಡೆಯವರು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಬೆಳಗಿನ ಹೊತ್ತು ಶೆಡ್ಡಿಗೆ ಹೋಗಿ ತನ್ನ ಕರಾವಳಿ ಕನ್ನಡದಲ್ಲಿ ಪಾಠ ಮಾಡುತ್ತಿದ್ದಳು. ಅವಳು "ಇಲ್ಲಿ ಒಂದು ಬೆಕ್ಕು ಉಂಟು" ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವರು "ಬೆಕ್ಕು ಐತಿ ಅನ್ರಿ ಟೀಚರ" ಎಂದು ತಿದ್ದುತ್ತಿದ್ದರು. ಹೀಗೆ ಜಗಳವಾಡುತ್ತಲೇ ಝಡ್ ಮುಟ್ಟಿದರು. ಪ್ರಮಾಣಪತ್ರ ಕೊಡಲು ನಾನು ಕೋಣೆಗೆ ಕರೆದರೆ, ಅವಳ ಹಿಂದೆಯೇ ಅವಳ ತಂದೆ ಸುಧಾಕರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

ಸುಧಾಕರ ದೊಡ್ಡ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಒಳ್ಳೆಯ ಮನುಷ್ಯ, ನಗುಮುಖ, ಮಗಳೆಂದರೆ ಜೀವ. ಆ ಜೀವವನ್ನೆಲ್ಲ ಅವರು ಲ್ಯಾಪ್‌ಟಾಪಿನ ಸ್ಲೈಡುಗಳಾಗಿ ಮಾಡಿಟ್ಟಿದ್ದರು. ಮೊದಲನೆಯದರಲ್ಲಿ ಮೇಘನಾಳ ಪಾಸ್‌ಪೋರ್ಟ್ ಫೋಟೋ, ಅದರಿಂದ ಹೊರಟ ಬಾಣಗಳು, ಬಾಣದ ತುದಿಗೆ ಅಮೆರಿಕಾ, ಅಲ್ಲಿ ಕಂಪ್ಯೂಟರ್ ಸೈನ್ಸ್.

"ಇದು ಫೇಸ್ ವನ್ ಮೇಡಂ. ಜೂನ್ ಒಳಗೆ ಈಜು, ವಯಲಿನ್, ರೋಬೋ ಕ್ಯಾಂಪ್ ಮೂರೂ ಕ್ಲೋಸ್ ಆಗ್ಬೇಕು."

"ವಯಲಿನ್ ಹೆಂಗ್ರಿ ಕ್ಲೋಸ್ ಆಗ್ತೈತಿ?"

"ಸರ್ಟಿಫಿಕೇಟ್ ಬಂದ್ರೆ ಆಯ್ತಲ್ಲ ಮಾರಾಯ್ರೆ."

ನಾನು ಮೇಘನಾಳ ಕಡೆ ನೋಡಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂತಲ್ಲೇ ಅವಳು ನಿದ್ದೆ ಹೋಗಿದ್ದಳು.

"ಇಕಿ ಮಲಗೂದು ಯಾವಾಗ್ರಿ?" ಎಂದೆ.

ಸುಧಾಕರ ಪ್ರಾಮಾಣಿಕವಾಗಿ ಸ್ಲೈಡುಗಳನ್ನು ಹಿಂದೆ ಮುಂದೆ ಮಾಡಿ ಹುಡುಕಿದರು. "ಟ್ರಾವೆಲ್ ಟೈಮಲ್ಲಿ," ಎಂದರು.

ಹೊಸಬರಿಗೆ ಇಲ್ಲೊಂದು ಮಾತು ಹೇಳಬೇಕು. ಇಂಥ ತಂದೆಯರನ್ನು ನೋಡಿ ನಗು ಬರುತ್ತದೆ, ಬರಲಿ, ಆದರೆ ಅವರು ದುಷ್ಟರೆಂದು ತಿಳಿಯಬೇಡಿ. ಸುಧಾಕರ ಓದುವಾಗ ಅವರಿಗೆ ದಾರಿ ಹೇಳುವವರೇ ಇರಲಿಲ್ಲ. ಸೀಟು ಯಾವುದು ಸಿಕ್ಕಿತೋ ಅದನ್ನು ಓದಿದೆ ಎಂದು ಒಮ್ಮೆ ನನಗೆ ಹೇಳಿದ್ದರು. ಮಗಳಿಗೆ ಹಾಗಾಗಬಾರದೆಂದು ಅವರು ದಾರಿಯನ್ನಷ್ಟೇ ಹಾಕಿರಲಿಲ್ಲ, ಎರಡೂ ಬದಿಗೆ ಗೋಡೆಯನ್ನೂ ಕಟ್ಟಿದ್ದರು.

ಆ ಗೋಡೆಯಲ್ಲಿ ಕಿಂಡಿ ಬಿದ್ದದ್ದು ರೋಬೋ ಕ್ಯಾಂಪಿನಿಂದ. ಅಲ್ಲಿ ರೋಬೋ ಮಾಡುವುದನ್ನು ಕಲಿಸುತ್ತಿದ್ದ ಹುಡುಗನಿಗೆ ಸಾಫ್ಟ್‌ವೇರ್ ನೌಕರಿ ಸಿಕ್ಕಿ ಅವನು ಹೊರಟುಹೋದ. ಕ್ಯಾಂಪ್ ನಿಂತಿತು. ಸುಧಾಕರ ಗಾಬರಿಯಾಗಿ ಫೋನ್ ಮಾಡಿದರು. "ಮೇಡಂ, ಪ್ಲಾನಲ್ಲಿ ಗ್ಯಾಪ್ ಬಂತು. ಎಂತಾದ್ರೂ ಒಂದು ಇಂಟರ್ನ್‌ಶಿಪ್ ಕೊಡಿಸಿ, ಯಾವುದಾದ್ರೂ ಆದೀತು."

ಸನತ್‌ನಗರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅಜೀಜ್ ಭಾಯಿಯವರ ಸಣ್ಣ ಬಿಸ್ಕೆಟ್ ಕಾರ್ಖಾನೆ ಇತ್ತು. ಅವರು ಗುಲಬರ್ಗಾ ಕಡೆಯವರು, ನನ್ನನ್ನು ತವರಿನವಳೆಂದು ಮರ್ಯಾದೆಯಿಂದ ಕಾಣುತ್ತಿದ್ದರು. ಹೋಗಿ ಕೇಳಿದೆ.

"ಇಂಟರ್ನ್ ಅಂದ್ರ ಏನ್ರಿ ಬಾಯಿ? ಮೆಹಮಾನೋ, ನೌಕರೋ?"

"ಅತಿಥಿ, ನೌಕರ ಎರಡರ ನಡುವಿಂದು, ಭಾಯಿ."

"ನಡುವಿಂದು ಅಂದ್ರ ಅಳಿಯ ಆದಂಗಾಯ್ತಲ್ರಿ," ಎಂದರು.

ಅಳಿಯನಂತೆಯೇ ನೋಡಿಕೊಂಡರು. ಮೊದಲ ಕೆಲವು ದಿನ ಮೇಘನಾಳನ್ನು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಿಸಿ, ಚಹಾ ಕೊಟ್ಟು, ತಟ್ಟೆ ತುಂಬ ಬಿಸ್ಕೆಟ್ ಇಟ್ಟು, "ಖಾವ್ ಬೇಟಾ" ಎಂದು ಹೋಗುತ್ತಿದ್ದರು. ತಂದೆಯ ಲೆಕ್ಕದಲ್ಲಿ ಆಗ ಅವಳು ಆಹಾರ ಸರಬರಾಜು ಜಾಲದ ದತ್ತಾಂಶ ವಿಶ್ಲೇಷಣೆ ಮಾಡುತ್ತಿದ್ದಳು. ತಿಂದು ತಿಂದು ಸಾಕಾಗಿ ಅವಳು ಎದ್ದು ಒಳಗೆ ಹೋದಳು. ಒಳಗೆ ಒಂದು ಮೂಲೆಯಲ್ಲಿ ಒಡೆದ ಬಿಸ್ಕೆಟ್ಟಿನ ದೊಡ್ಡ ಗುಡ್ಡೆ. ಒಲೆಯಿಂದ ಹೊರಬಂದಾಗ ಸರಿಯಾಗಿರುವ ಬಿಸ್ಕೆಟ್ಟು, ಆರಿ, ಪ್ಯಾಕೆಟ್ಟಿಗೆ ಹೋಗುವ ಹೊತ್ತಿಗೆ ಕೂದಲೆಳೆಯಂಥ ಬಿರುಕು ಬಿಟ್ಟು ಎರಡಾಗುತ್ತಿತ್ತು.

"ಯಾಕೆ ಹೀಗಾಗ್ತದೆ?" ಎಂದು ಕೇಳಿದಳು.

"ಅದು ಬಿಸ್ಕೀಟಿನ ಮರ್ಜಿ, ಬೇಟಾ," ಎಂದರು ಅಜೀಜ್ ಭಾಯಿ. ಅವರ ಅಪ್ಪನ ಕಾಲದಿಂದಲೂ ಅದು ಬಿಸ್ಕೆಟ್ಟಿನ ಮರ್ಜಿಯಾಗಿಯೇ ಇತ್ತು.

ಮೇಘನಾ ಅದನ್ನು ಒಪ್ಪಲಿಲ್ಲ. ಹಿಟ್ಟಿಗೆ ನೀರು ಕಡಿಮೆ ಮಾಡಿದರೆ ಏನಾಗುತ್ತದೆ ನೋಡೋಣ ಎಂದು ಕಾಡಿಬೇಡಿ ಒಂದು ಒಬ್ಬೆ ಬಿಸ್ಕೆಟ್ ಮಾಡಿಸಿದಳು. ಬಿರುಕು ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ, ಅವು ಬಿಸ್ಕೆಟ್ಟಾಗಿರದೆ ನಮ್ಮ ಡೈರೆಕ್ಟರ ಗ್ರಾನೈಟ್ ಆಗಿದ್ದವು. ಅಜೀಜ್ ಭಾಯಿ ಒಂದನ್ನು ಚಹಾದಲ್ಲಿ ಅದ್ದಿ ಹಿಡಿದರು. ಚಹಾ ಆರಿತು, ಬಿಸ್ಕೆಟ್ ನೆನೆಯಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಪ್ಯಾಕಿಂಗ್ ಮಾಡುವ ಹೆಂಗಸರನ್ನೆಲ್ಲ ಕರೆದು ಒಂದೊಂದು ಕೊಟ್ಟರು. ಅವರಲ್ಲೊಬ್ಬಳು ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಕೊಡಲು ಬರುತ್ತದೆಂದು ಇನ್ನೆರಡು ಕೇಳಿ ತೆಗೆದುಕೊಂಡು ಹೋದಳು.

ಆ ಸಂಜೆ ಮೇಘನಾ ನಮ್ಮ ಮನೆಗೆ ಬಂದಳು. ಕೈಗೆ, ಕೆನ್ನೆಗೆ ಮೈದಾ ಹತ್ತಿತ್ತು. ಅಳುತ್ತಾಳೇನೋ ಎಂದುಕೊಂಡೆ.

"ಮೇಡಂ, ಇಷ್ಟು ದೊಡ್ಡ ತಪ್ಪು ನಾನು ಯಾವತ್ತೂ ಮಾಡಿರಲಿಲ್ಲ," ಎಂದಳು. ಮುಖ ಅರಳಿತ್ತು. "ಯಾರೂ ಮೀಟಿಂಗ್ ಕರೀಲಿಲ್ಲ. ನಾಳೆ ಇನ್ನೊಂದು ಮಾಡಿ ನೋಡು ಅಂದ್ರು."

ಆಮೇಲೆ ಅವಳು ಒಲೆಯ ಬಳಿಯ ಕಿಟಕಿ ಗಾಳಿಗೆ ಗೋಣಿಯ ಪರದೆ ಕಟ್ಟಿಸಿ, ಬಿಸ್ಕೆಟ್ಟು ನಿಧಾನ ಆರುವಂತೆ ಮಾಡಿದಳು. ಒಡೆಯುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಯಾಕೆ ಕಡಿಮೆಯಾಯಿತು, ಯಾಕೆ ಪೂರ್ತಿ ನಿಲ್ಲಲಿಲ್ಲ ಎನ್ನುವ ಎರಡು ಪ್ರಶ್ನೆ ಹಿಡಿದುಕೊಂಡು ಅವಳು ಹನ್ನೆರಡನೇ ತರಗತಿಗೆ ಬಂದಳು. ನಿದ್ದೆ ಹೋಗುತ್ತಿದ್ದ ಹುಡುಗಿ ಈಗ ನನ್ನ ಕೋಣೆಗೆ ಬಂದರೆ ಎದ್ದು ಹೋಗುತ್ತಲೇ ಇರಲಿಲ್ಲ. ಹಿಟ್ಟು, ತೇವ, ಶಾಖ ಎಂದು ಮಾತಾಡುವಳು. ಆಹಾರ ತಂತ್ರಜ್ಞಾನ ಎಂಬ ಓದು ಇದೆ ಎಂದು ನಾನೇ ಹುಡುಕಿ ತೋರಿಸಿದೆ. ಅದನ್ನು ಓದಿಕೊಂಡು, "ಇದಕ್ಕೊಂದು ಕಾಲೇಜೇ ಉಂಟಾ?" ಎಂದು ಮೆಲ್ಲಗೆ ಕೇಳಿದಳು. ತಂದೆಗೆ ಹೇಳುವ ಧೈರ್ಯ ಮಾತ್ರ ಅವಳಿಗಿರಲಿಲ್ಲ. "ಅಪ್ಪ ಅಷ್ಟೆಲ್ಲ ಮಾಡಿದ್ದಾರೆ ಮೇಡಂ," ಎನ್ನುತ್ತಿದ್ದಳು.

ಆ ವರ್ಷ ಡೈರೆಕ್ಟರು ಬಂಜಾರಾ ಹಿಲ್ಸಿನಿಂದ ಒಬ್ಬ ಪ್ರಬಂಧ ತಜ್ಞನನ್ನು ಕರೆಸಿದರು. ಅಮೆರಿಕದ ಕಾಲೇಜಿಗೆ ಮಗು ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕು, ಅದು ಮನ ಮುಟ್ಟಬೇಕು. ತಜ್ಞನಿಗೆ ಮನ ಮುಟ್ಟುವ ದಾರಿ ಒಂದೇ ಗೊತ್ತಿತ್ತು. ಅವನ ಕೈಯಲ್ಲಿ ನಮ್ಮ ಹನ್ನೆರಡನೇ ತರಗತಿಯ ಅಜ್ಜಿಯರೆಲ್ಲ ತೀರಿಕೊಂಡರು. ಪ್ರತಿಯೊಬ್ಬರೂ ಮೊಮ್ಮಗುವಿನ ಕೈ ಹಿಡಿದುಕೊಂಡು, ಜಗತ್ತನ್ನು ಬದಲಾಯಿಸಲು ಹೇಳಿ ಕಣ್ಣುಮುಚ್ಚಿದರು. ನಾನು ಒಂದರ ಮೇಲೊಂದು ಓದುತ್ತ ಇದೇನು ಸಾಂಕ್ರಾಮಿಕ ರೋಗವೇ ಎಂದುಕೊಂಡೆ. ಡೈರೆಕ್ಟರು ಮಾತ್ರ ಎಲ್ಲವನ್ನೂ ಓದಿ, ಪ್ರತಿ ಸಲವೂ ಕಣ್ಣೊರೆಸಿಕೊಂಡರು. ಒಳಗೆ ಮೆತ್ತಗಿನ ಮನುಷ್ಯ.

ಒಂದು ಶನಿವಾರ ಸುಧಾಕರ ಮಗಳನ್ನೂ ತಮ್ಮ ತಾಯಿ ರುಕ್ಮಿಣಿಯಮ್ಮನವರನ್ನೂ ಕರೆದುಕೊಂಡು ಶಾಲೆಗೆ ಬಂದರು. ಆ ಮುದುಕಿ ಇವರ ಮನೆಯಲ್ಲೇ ಇರುವವರು, ಮೊಮ್ಮಗಳ ಶಾಲೆಯ ಮೆಟ್ಟಿಲು ನೋಡಬೇಕೆಂದು ಬಂದಿದ್ದರಂತೆ. ನಾನು ಅವರಿಗೆ ಕುರ್ಚಿ ಹಾಕುತ್ತಿದ್ದಾಗ ಡೈರೆಕ್ಟರು ಒಳಗೆ ಬಂದರು. ಸುಧಾಕರನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ತಾಯಿಯ ವಿಷಯ ಓದಿದೆ ಸಾರ್. ತುಂಬ ದುಃಖವಾಯಿತು. ಮಹಾತಾಯಿ," ಎಂದು ತೆಲುಗಿನಲ್ಲಿ ಹೇಳಿದರು.

ಸುಧಾಕರ ಬೆಪ್ಪಾಗಿ ನಿಂತರು. ತಜ್ಞ ಬರೆದದ್ದನ್ನು ಅವರು ಓದಿರಲಿಲ್ಲ, ಅದು ಹೊರಗುತ್ತಿಗೆ ಕೊಟ್ಟ ಕೆಲಸ. ಮೇಘನಾ ನೆಲ ನೋಡಿದಳು. ರುಕ್ಮಿಣಿಯಮ್ಮನಿಗೆ ತೆಲುಗು ಬರುತ್ತಿರಲಿಲ್ಲ, ಆದರೆ ಸಂತಾಪದ ಧ್ವನಿ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ.

"ಪಾಪ, ಯಾರು ಹೋದದ್ದು?" ಎಂದು ನನ್ನನ್ನು ಕೇಳಿದರು.

ಇಷ್ಟು ವರ್ಷದ ನೌಕರಿಯಲ್ಲಿ ನಾನು ಎಷ್ಟೋ ಕಷ್ಟದ ಮಾತುಗಳನ್ನು ಆಡಿದ್ದೇನೆ. ಎದುರಿಗೆ ಗಟ್ಟಿಮುಟ್ಟಾಗಿ ಕೂತ ಹೆಂಗಸಿಗೆ ಆಕೆಯದೇ ಸಾವಿನ ಸುದ್ದಿಯನ್ನು ಕನ್ನಡದಲ್ಲಿ ಹೇಳಬೇಕಾದದ್ದು ಅದೊಂದೇ ಸಲ.

"ನೀವ ಹೋಗೀರಂತ್ರಿ ಅಮ್ಮಾ," ಎಂದೆ. "ಕಾಲೇಜಿಗೆ ಬರೆದ ಪ್ರಬಂಧದಾಗ."

ಆಕೆ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು. ಆಮೇಲೆ, "ಓದಿ ಹೇಳಿ, ಕೇಳುವ," ಎಂದರು.

ಓದುತ್ತ ಓದುತ್ತ ಕನ್ನಡಕ್ಕೆ ಇಳಿಸಿದೆ. ಆಸ್ಪತ್ರೆಯ ಕಿಟಕಿ, ಹೊರಗೆ ಸುರಿಯುವ ಮಳೆ, ನಡುಗುವ ಕೈ. ರುಕ್ಮಿಣಿಯಮ್ಮ ಬೇರೆ ಯಾರದೋ ಕಥೆ ಕೇಳುವಂತೆ ತಲೆದೂಗಿದರು. ಯಾರ ವಿಷಯ ಓದುತ್ತಿದ್ದೇವೆಂದು ಅಷ್ಟರಲ್ಲಿ ಡೈರೆಕ್ಟರಿಗೂ ಹೊಳೆಯಿತು. ಅವರು ಬಾಗಿಲಿಗೆ ಬೆನ್ನು ಹಚ್ಚಿ ನಿಂತರು.

"ಕೊನೆಗೆ ನಾನು ಎಂತ ಹೇಳಿದ್ದು?"

"ಮೊಮ್ಮಗಳೇ, ಕಂಪ್ಯೂಟರ್ ವಿಜ್ಞಾನ ಓದಿ, ಕೃತಕ ಬುದ್ಧಿಮತ್ತೆಯಿಂದ ಗ್ರಾಮೀಣ ಭಾರತವನ್ನು ಬದಲಾಯಿಸು ಅಂತ್ರಿ."

"ಸಾಯುವಾಗ ಅಷ್ಟುದ್ದ ಮಾತಾಡ್ಲಿಕ್ಕೆ ಉಸಿರು ಇತ್ತಾ ನಂಗೆ?" ಎಂದರು. ಮತ್ತೆ ಮೇಘನಾಳ ಕಡೆ ತಿರುಗಿದರು. "ನಾನು ಸತ್ತದ್ದಕ್ಕೆ ಬೇಜಾರಿಲ್ಲ ಮಗಾ. ಹೇಗೂ ಒಂದಿನ ಉಂಟು. ಆದ್ರೆ ನಾನು ಹೇಳದ್ದನ್ನು ಯಾಕೆ ಹೇಳಿಸಿದ್ದು? ನಿಂಗೆ ಕಂಪ್ಯೂಟರ್ ಓದ್ಬೇಕು ಅಂತ ಉಂಟಾ?"

ಮೇಘನಾ ತಂದೆಯ ಮುಖ ನೋಡಿದಳು.

"ಇಲ್ಲ ಅಜ್ಜಿ. ಬಿಸ್ಕೆಟ್ ಓದ್ಬೇಕು."

ಸುಧಾಕರ ಮಗಳ ಕಡೆ ತಿರುಗಿದರು. "ಬಿಸ್ಕೆಟ್ ಓದುದಾ?" ಎಂದರು, ಅಷ್ಟೇ.

"ಓದ್ಲಿ," ಎಂದರು ರುಕ್ಮಿಣಿಯಮ್ಮ. ನನಗೆ ಹೇಳಿದರು, "ಟೀಚರೇ, ಸಾಯುವಾಗ ನಾನು ಹೇಳಿದ್ದನ್ನು ತಿದ್ದಿ. ಇಲ್ಲದಿದ್ರೆ ನನ್ನನ್ನು ಬದುಕಿಸಿ. ಎರಡರಲ್ಲಿ ಯಾವುದು ಸುಲಭವೋ ಅದನ್ನು ಮಾಡಿ."

ಬದುಕಿಸುವುದೇ ಸುಲಭವೆಂದು ತೀರ್ಮಾನಿಸಿದೆವು. ಮೇಘನಾ ಹೊಸ ಪ್ರಬಂಧ ಬರೆದಳು, ಚಹಾದಲ್ಲಿ ನೆನೆಯದ ಬಿಸ್ಕೆಟ್ಟಿನ ಬಗ್ಗೆ. ಅದರಲ್ಲಿ ಯಾರೂ ಸಾಯಲಿಲ್ಲ. ಡೈರೆಕ್ಟರು ಓದಿ, "ಕಣ್ಣೀರೇ ಬರಲಿಲ್ಲವಲ್ಲ ಮೇಡಂ," ಎಂದು ಪೇಚಾಡಿದರು. ಸುಧಾಕರ ಆ ವಾರವೆಲ್ಲ ನನ್ನ ಫೋನು ಎತ್ತಲಿಲ್ಲ. ಆಮೇಲೆ ಅವರೇ ಬಂದು, ಅರ್ಜಿ ಹೀಗೇ ಹೋಗಲಿ, ಆದರೆ ಬದಲಿ ವ್ಯವಸ್ಥೆಯಾಗಿ ಇಲ್ಲಿನ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೂ ಬರೆಯಲಿ ಎಂದರು. ಮೇಘನಾ ಒಪ್ಪಿದಳು.

ಅಮೆರಿಕದ ಎರಡು ಕಾಲೇಜುಗಳು ಬೇಡವೆಂದವು. ಮೂರನೆಯದು ಅವಳನ್ನು ಕಾಯುವ ಪಟ್ಟಿಯಲ್ಲಿ ಇಟ್ಟಿತು. ಸುಧಾಕರನಿಗೆ ಕಾಯುವ ಪಟ್ಟಿ ಎಂಬುದು ರೈಲಿನಲ್ಲಿ ಮಾತ್ರ ಗೊತ್ತಿತ್ತು. "ಮೇಡಂ, ಕೊನೇ ಗಳಿಗೆಯಲ್ಲಿ ಆರ್‌ಎಸಿ ಆದ್ರೂ ಆಗ್ತದಾ? ಅರ್ಧ ಸೀಟು ಕೊಟ್ರೂ ಸಾಕು," ಎಂದು ಫೋನಿನಲ್ಲಿ ಕೇಳಿದರು. ಅಲ್ಲಿ ಹಾಗಿಲ್ಲವೆಂದು ವಿವರಿಸುವ ಹೊತ್ತಿಗೆ ನನಗೆ ಸಾಕಾಯಿತು. ಆ ಪಟ್ಟಿ ಮುಂದೆ ಸರಿಯಲೇ ಇಲ್ಲ. ಆದರೆ ಇಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಮೇಘನಾಳಿಗೆ ಒಳ್ಳೆಯ ರ‍್ಯಾಂಕ್ ಬಂತು. ಎಷ್ಟು ಒಳ್ಳೆಯದೆಂದರೆ, ನಗರದ ಒಳ್ಳೆಯ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ ಸಿಗುವಷ್ಟು. ಅದು ಕಷ್ಟಕ್ಕೆ ಬಂತು.

ಸೀಟು ಹಂಚುವ ದಿನ ಮೇಘನಾ ಕೇಳಿಕೊಂಡಳೆಂದು ನಾನೂ ಜೊತೆಗೆ ಹೋದೆ. ಅಲ್ಲಿ ಅದಕ್ಕೆ ಕೌನ್ಸೆಲಿಂಗ್ ಎನ್ನುತ್ತಾರೆ. ನಾನು ಶಾಲೆಯಲ್ಲಿ ಮಾಡುತ್ತಿದ್ದುದಕ್ಕೂ ಅದೇ ಹೆಸರು. ಅಲ್ಲಿ ಉದ್ದನೆಯ ಸಭಾಂಗಣ, ಸಾಲು ಕುರ್ಚಿ, ಗೋಡೆಯ ಮೇಲೆ ಸೀಟುಗಳು ಖಾಲಿಯಾಗುವುದನ್ನು ತೋರಿಸುವ ಪರದೆ, ತುದಿಯಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಗುಮಾಸ್ತ. ಬಾಯಿ ಒಣಗಿದ ತಂದೆತಾಯಂದಿರು ಪರದೆಯನ್ನು ಕ್ರಿಕೆಟ್ ನೋಡುವಂತೆ ನೋಡುತ್ತಿದ್ದರು. ಸುಧಾಕರ ದಪ್ಪನೆಯ ಫೈಲು ತಂದಿದ್ದರು. ಮೇಘನಾಳ ಸರದಿ ಬಂದಾಗ ಅದನ್ನೆಲ್ಲ ಗುಮಾಸ್ತನ ಮೇಜಿನ ಮೇಲೆ ಬಿಚ್ಚಿಟ್ಟರು. ಅವನು ಈಜಿನ ಪದಕದ ಫೋಟೋವನ್ನು ಎತ್ತಿ ಹಿಂದೆ ಮುಂದೆ ನೋಡಿದ.

"ಇದೇನು?"

"ಅವಳ ಬೇಸಿಗೆ ಚಟುವಟಿಕೆಗಳು ಸಾರ್. ಇದು ಸಮಾಜಸೇವೆ, ಇದು ವಯಲಿನ್—"

"ರ‍್ಯಾಂಕ್ ಕಾರ್ಡು ಕೊಡಿ. ಎರಡು ಜೆರಾಕ್ಸ್," ಎಂದ ಗುಮಾಸ್ತ. ಉಳಿದದ್ದನ್ನು ಮೊಣಕೈಯಿಂದ ಮೆತ್ತಗೆ ಪಕ್ಕಕ್ಕೆ ಸರಿಸಿದ.

ನಾನು, ಸುಧಾಕರ, ಡೈರೆಕ್ಟರು ಎಲ್ಲ ಸೇರಿ ಕಟ್ಟಿದ ಬೇಸಿಗೆಯೆಲ್ಲ ಅವನ ಮೊಣಕೈಯಡಿ ಹೋಯಿತು. ನನಗೆ ನಗು ಬಂತು, ತಡೆದುಕೊಂಡೆ.

ಗುಮಾಸ್ತ ಕಾರ್ಡು ನೋಡಿ ತಾನೇ ಕೀಲಿ ಒತ್ತಲು ಬೆರಳು ಎತ್ತಿದ. "ಕಂಪ್ಯೂಟರ್ ಸೈನ್ಸ್ ಇನ್ನೊಂದೇ ಸೀಟು ಇದೆ. ಹಾಕಲಾ?"

"ಬೇಡ ಸಾರ್. ಫುಡ್ ಟೆಕ್ನಾಲಜಿ," ಎಂದಳು ಮೇಘನಾ. ಧ್ವನಿ ಸಣ್ಣದಿತ್ತು.

"ಏನಮ್ಮಾ?"

ಅವಳು ಮತ್ತೆ ಹೇಳಿದಳು. ಗುಮಾಸ್ತ ಕನ್ನಡಕ ತೆಗೆದು ಸುಧಾಕರನನ್ನು ನೋಡಿದ. ಹುಡುಗಿಗೆ ಹೆದರಿಕೆಯಲ್ಲಿ ಬಾಯಿ ತಪ್ಪಿದೆ ಎಂದು ಅವನಿಗೆ ಅನ್ನಿಸಿರಬೇಕು. ಅವನು ಕೆಟ್ಟವನಲ್ಲ, ದಿನಾ ಇಂಥದ್ದು ನೋಡಿದವನು. "ಒಮ್ಮೆ ಒತ್ತಿದರೆ ಆಯ್ತು ಸಾರ್, ಆಮೇಲೆ ತಿದ್ದಲಿಕ್ಕಾಗಲ್ಲ. ನೀವು ಹೇಳಿ. ಏನು ಹಾಕಲಿ?"

ನಾನು ಸುಧಾಕರನ ಪಕ್ಕದಲ್ಲೇ ನಿಂತಿದ್ದೆ. ಅವರು ಒಂದು ಮಾತು ಆಡಿದ್ದರೆ ಮೇಘನಾ ಎದುರಾಡುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಪರದೆಯ ಮೇಲೆ ಆ ಒಂದು ಸೀಟು ಮಿನುಗುತ್ತಿತ್ತು. ಅವರು ಅದನ್ನು ನೋಡಿದರು, ಮಗಳನ್ನು ನೋಡಿದರು. ಅವಳು ದುಪಟ್ಟಾದ ತುದಿಯನ್ನು ಹಿಡಿದು ಹಗ್ಗದಂತೆ ಹೊಸೆಯುತ್ತಿದ್ದಳು.

"ಅವಳು ಸರಿಯಾಗೇ ಹೇಳಿದ್ದು," ಎಂದರು ಸುಧಾಕರ. "ಅದನ್ನೇ ಹಾಕಿ."

ಗುಮಾಸ್ತ ಭುಜ ಕುಣಿಸಿ ಒತ್ತಿದ. ಮೇಘನಾ ತಂದೆಯ ತೋಳಿಗೆ ಹಣೆ ಇಟ್ಟು ನಿಂತಳು.

ಆಗ ನಮ್ಮ ಹಿಂದಿನ ಕುರ್ಚಿಯಿಂದ ಒಬ್ಬ ಮನುಷ್ಯ ಎದ್ದು ಬಂದ. ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕರೀಂನಗರದಿಂದ ಮಗನನ್ನು ಕರೆದುಕೊಂಡು ಬಂದವನಂತೆ. ನಂತರದ ರ‍್ಯಾಂಕು ಅವನ ಮಗನದು. ಮೇಘನಾ ಬಿಟ್ಟ ಸೀಟು ಅವನ ಮಗನಿಗೆ ಬೀಳುತ್ತಿತ್ತು. ಅವನು ಸುಧಾಕರನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, "ನಿಮ್ಮ ಮಗಳು ಚೆನ್ನಾಗಿರಲಿ ಸಾರ್, ನಿಮ್ಮ ಮನೆ ತಂಪಾಗಿರಲಿ," ಎಂದು ತೆಲುಗಿನಲ್ಲಿ ಹರಸಿದ. ಚೀಲದಿಂದ ಮನೆಯ ಅರಿಸೆಲು ತೆಗೆದು ಎಲ್ಲರಿಗೂ ಕೊಟ್ಟ. ಬೆಲ್ಲ, ಅಕ್ಕಿಹಿಟ್ಟಿನ ಸಿಹಿ ಅದು. ಗುಮಾಸ್ತನಿಗೂ ಒಂದು ಸಿಕ್ಕಿತು. ಎರಡು ನಿಮಿಷದ ಹಿಂದೆ ಅಳುವ ಹಾಗಿದ್ದ ಸುಧಾಕರ ಅಭಿನಂದನೆ ಸ್ವೀಕರಿಸುತ್ತ ನಿಲ್ಲಬೇಕಾಯಿತು.

"ಮಗಳು ಯಾವ ಬ್ರಾಂಚ್ ತಗೊಂಡಳು ಸಾರ್?"

"ಫುಡ್ ಟೆಕ್ನಾಲಜಿ."

ಆ ಮನುಷ್ಯ ತಲೆ ಕೆರೆದುಕೊಂಡ. ಅಷ್ಟು ದೊಡ್ಡ ಉಪಕಾರ ಮಾಡಿದವರಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು, "ಒಳ್ಳೆಯದೇ ಸಾರ್. ಹೋಟೆಲ್ ಲೈನು ಯಾವತ್ತೂ ನಡೆಯುತ್ತದೆ," ಎಂದ.

"ಹೋಟೆಲ್ ಅಲ್ಲ," ಎಂದರು ಸುಧಾಕರ. "ಬಿಸ್ಕೆಟ್. ಕೂತ್ಕೊಳ್ಳಿ, ಹೇಳ್ತೇನೆ."

ಗೋಡೆ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತರು. ಮೇಘನಾ ಮತ್ತು ನಾನು ಫೀಸಿನ ಸಾಲಿನಲ್ಲಿ ನಿಂತೆವು. ಸಾಲು ಮುಗಿಯುವ ಹೊತ್ತಿಗೆ ತಂದೆಯ ಸಹಿ ಬೇಕೆಂದರು. ಮೇಘನಾ ಎರಡು ಸಲ ಕೂಗಿದಳು. ಸುಧಾಕರನಿಗೆ ಕೇಳಿಸಲಿಲ್ಲ. ಅರಿಸೆಲನ್ನು ಎತ್ತಿ ಹಿಡಿದು, ಅದರ ಅಂಚನ್ನು ತೋರಿಸುತ್ತ, ತಮ್ಮ ಮುರುಕಲು ತೆಲುಗಿನಲ್ಲಿ, ಮಗಳ ಪ್ರಬಂಧದಲ್ಲಿದ್ದ ಹಾಗೆಯೇ, ಒಲೆಯಿಂದ ಹೊರಗೆ ಬಂದ ಮೇಲೆ ತೇವ ಒಳಗಿನಿಂದ ಹೊರಗೆ ಹೇಗೆ ಬರುತ್ತದೆ, ಗಾಳಿ ಬಡಿದರೆ ಎಲ್ಲಿಂದ ಬಿರುಕು ಶುರುವಾಗುತ್ತದೆ ಎಂದು ಅವರು ಕರೀಂನಗರದ ಮನುಷ್ಯನಿಗೆ ವಿವರಿಸುತ್ತಿದ್ದರು.